ಕೂದಲಿನ ಮಾತ್ರೆ: ಕದ್ದು ತಿನ್ನುವುದು ಬೇಡ

ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗನ ತಲೆ ನೋಡಿ ಉಮ್ಮ ಮೊದಲು ಹೇಳುವ ಮಾತು, ‘ಅಲ್ಲಿಯ ನೀರು ಕೂದಲನ್ನೆಲ್ಲ ತಿಂದು ಹಾಕಿತಲ್ಲ ಮೋನೇ’ ಎಂದು. ಕೆಲವರು ಟೊಪ್ಪಿಯನ್ನು ದೂರುತ್ತಾರೆ, ಕೆಲವರು ಹೆಲ್ಮೆಟನ್ನು. ಹೆಣ್ಣಿನ ಮನೆಗೆ ಕಳುಹಿಸುವ ಫೋಟೋ ಮಾತ್ರ ಐದು ವರ್ಷ ಹಳೆಯದು. ನಾವು ನಗುತ್ತೇವೆ, ಹುಡುಗ ನಗುವುದಿಲ್ಲ. ರೂಮಿನ ಗೆಳೆಯ ಹೇಳಿದ ಮಾತ್ರೆಯನ್ನು ಯಾರಿಗೂ ತಿಳಿಸದೆ ನುಂಗಲು ಶುರುಮಾಡುತ್ತಾನೆ.

ಹಣೆಯ ಎರಡೂ ಬದಿ ಮೇಲೇರಿ, ನೆತ್ತಿ ತೆಳ್ಳಗಾಗುವ ಈ ಬೋಳಿಗೆ ನೀರೂ ಟೊಪ್ಪಿಯೂ ಕಾರಣವಲ್ಲ. ಇದು ತಾಯಿ, ತಂದೆ ಇಬ್ಬರ ಕಡೆಯಿಂದಲೂ ಬರಬಹುದು. ಗಂಡಸಿನ ಹಾರ್ಮೋನಿನಿಂದ ತಯಾರಾಗುವ ಡಿಎಚ್‌ಟಿ ಎಂಬುದು ಕೂದಲಿನ ಬೇರನ್ನು ವರ್ಷ ವರ್ಷ ಸಣ್ಣದಾಗಿಸುತ್ತದೆ.

ಇದಕ್ಕೆ ಮುಖ್ಯವಾಗಿ ಎರಡು ಮದ್ದುಗಳಿವೆ. ಮಿನಾಕ್ಸಿಡಿಲ್ ಮೊದಲು ಬಿಪಿಯ ಮಾತ್ರೆಯಾಗಿತ್ತು. ತಿಂದವರ ಮೈಮೇಲೆ ಕೂದಲು ಬೆಳೆದದ್ದು ಕಂಡು ತಲೆಗೆ ಹಚ್ಚುವ ಮದ್ದಾಯಿತು. ಶುರುವಿನ ವಾರಗಳಲ್ಲಿ ಕೂದಲು ಇನ್ನಷ್ಟು ಉದುರುವುದುಂಟು, ಹೆದರಬೇಕಿಲ್ಲ. ಎರಡನೆಯದು ಫಿನಾಸ್ಟೆರೈಡ್ ಮಾತ್ರೆ. 1992ರಲ್ಲಿ 5 ಮಿ.ಗ್ರಾಂ. ಪ್ರಮಾಣದಲ್ಲಿ ಪ್ರಾಸ್ಟೇಟ್ ತೊಂದರೆಗೆ, 1997ರಲ್ಲಿ 1 ಮಿ.ಗ್ರಾಂ. ಪ್ರಮಾಣದಲ್ಲಿ ಕೂದಲಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ಡಿಎಚ್‌ಟಿಯನ್ನು ಕಡಿಮೆ ಮಾಡುತ್ತದೆ.

ಎರಡಕ್ಕೂ ಕೆಲವು ತಿಂಗಳು ಕಾಯಬೇಕು. ಇದ್ದ ಕೂದಲು ಉಳಿಯುವುದೇ ದೊಡ್ಡ ಲಾಭ. ಪೂರ್ತಿ ಬೋಳಾದ ಜಾಗದಲ್ಲಿ ಕಾಡು ಬೆಳೆಯುವುದಿಲ್ಲ. ಮದ್ದು ನಿಲ್ಲಿಸಿದರೆ ಗಳಿಸಿದ್ದೂ ಹೋಗುತ್ತದೆ.

ಈಗ ಮನೆಯವರೆಲ್ಲ ಗಮನಿಸಬೇಕಾದ ಮಾತು. ದುಡ್ಡು ಉಳಿಸಲು 5 ಮಿ.ಗ್ರಾಂ. ಮಾತ್ರೆಯನ್ನು ತುಂಡು ಮಾಡಿ ತಿನ್ನುವವರಿದ್ದಾರೆ. ಒಡೆದ ಅಥವಾ ಪುಡಿಯಾದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಲೇಬಾರದು. ಹೊಟ್ಟೆಯಲ್ಲಿರುವುದು ಗಂಡು ಮಗುವಾದರೆ ಅದರ ಜನನಾಂಗದ ಬೆಳವಣಿಗೆಗೆ ಧಕ್ಕೆಯಾಗಬಹುದು. ಕದ್ದು ತಿನ್ನುವವನು ಈ ಎಚ್ಚರಿಕೆಯನ್ನು ಹೆಂಡತಿಗೆ ಹೇಳುವುದಾದರೂ ಹೇಗೆ?

ನಮ್ಮ ಹುಡುಗರು ರಕ್ತದಾನ ಶಿಬಿರಗಳಲ್ಲಿ ಮುಂದೆ ನಿಲ್ಲುವವರು. ಆ ರಕ್ತ ಗರ್ಭಿಣಿಗೂ ಹೋಗಬಹುದು. ಆದ್ದರಿಂದ ಈ ಮಾತ್ರೆ ತಿನ್ನುತ್ತಿರುವುದನ್ನು ಅಲ್ಲಿ ಹೇಳಲೇಬೇಕು.

ಕೆಲವರಲ್ಲಿ ಲೈಂಗಿಕ ಆಸಕ್ತಿ, ಶಕ್ತಿ ಕುಗ್ಗುತ್ತದೆ. ಹೆಚ್ಚಿನವರಿಗೆ ಮಾತ್ರೆ ಬಿಟ್ಟಾಗ ಸರಿಹೋಗುತ್ತದೆ, ಆದರೆ ಬಿಟ್ಟ ಮೇಲೂ ಉಳಿದ ದೂರುಗಳಿವೆ. ವೀರ್ಯದ ಗುಣಮಟ್ಟ ಇಳಿದ ಪ್ರಕರಣಗಳೂ ಇವೆ. ಮದುವೆಯಾಗಿ ವರ್ಷವಾದರೂ ಮಗುವಾಗಲಿಲ್ಲವೆಂದು ಸೊಸೆಯನ್ನು ಮಾತ್ರ ಡಾಕ್ಟರ ಹತ್ತಿರ ಓಡಿಸುವ ನಾವು, ಮಗ ಏನು ನುಂಗುತ್ತಿದ್ದಾನೆಂದು ಕೇಳಿದ್ದೇವಾ? ಮನಸ್ಸು ಕುಗ್ಗುವುದು, ಆತ್ಮಹತ್ಯೆಯ ಯೋಚನೆ ಬರುವುದು ಕೂಡ ಇದರ ಅಡ್ಡಪರಿಣಾಮವೆಂದು ಯುರೋಪಿನ ಔಷಧ ಸಂಸ್ಥೆ 2025ರಲ್ಲಿ ದೃಢಪಡಿಸಿದೆ. ಹಾಗೇನಾದರೂ ಅನಿಸಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಡಾಕ್ಟರನ್ನು ಕಾಣಬೇಕು. ವಯಸ್ಸಾದವರು ಪ್ರಾಸ್ಟೇಟಿನ ಪಿಎಸ್‌ಎ ಪರೀಕ್ಷೆ ಮಾಡಿಸುವಾಗಲೂ ಈ ಮಾತ್ರೆಯ ವಿಷಯ ತಿಳಿಸಬೇಕು. ಇದು ಆ ಅಂಕಿಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮಿನಾಕ್ಸಿಡಿಲ್ ಹಚ್ಚುವವರು ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತಿಡಬೇಕು. ಹೃದಯದ ತೊಂದರೆ ಇದ್ದವರು ಕೇಳದೆ ಹಚ್ಚಬಾರದು.

ಮದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಚರ್ಮರೋಗ ತಜ್ಞರಿಗೆ ತೋರಿಸಿ, ಹೆಂಡತಿಗೆ ತಿಳಿಸಿ ತೆಗೆದುಕೊಳ್ಳಲಿ. ಬೇಡ ಅಂದರೆ ಹಾಗೇ ಇರಲಿ, ಬೋಳು ರೋಗವಲ್ಲ. ಮುಂದಿನ ಸಲ ಏರ್‌ಪೋರ್ಟಿನಿಂದ ಬಂದ ಹುಡುಗನ ತಲೆ ನೋಡುವ ಮೊದಲು ಅವನ ಮುಖ ನೋಡೋಣ. ಆಗ ಅವನಿಗೆ ಕದ್ದು ನುಂಗುವ ಅಗತ್ಯವೂ ಬರಲಿಕ್ಕಿಲ್ಲ.