ಮುದಿ ಬೆಕ್ಕಿಗೆ ದಯಾಮರಣ ಯಾವಾಗ? ಮನೆಯವರು, ಅಂಗಡಿಯವರು ತಿಳಿದಿರಬೇಕಾದ ಸಂಗತಿಗಳು

ಮಡಿಕೇರಿ: ಹತ್ತು-ಹದಿನೈದು ವರ್ಷ ಮನೆಯಲ್ಲೋ ಅಂಗಡಿಯಲ್ಲೋ ಓಡಾಡಿಕೊಂಡಿದ್ದ ಬೆಕ್ಕು ಒಂದು ದಿನ ಮೀನಿನ ತಟ್ಟೆ ಮೂಸಿ ನೋಡಿ ಹಿಂದೆ ಸರಿಯುತ್ತದೆ. ಮರುದಿನವೂ ಹಾಗೇ. ಬೆನ್ನು ಸವರಿದರೆ ಮೂಳೆ ಕೈಗೆ ಸಿಗುತ್ತದೆ. ‘ವಯಸ್ಸಾಯ್ತಲ್ಲ, ಇನ್ನೆರಡು ದಿನ ನೋಡೋಣ’ ಅನ್ನುತ್ತಾ ಎರಡು ವಾರ ಕಳೆದುಹೋಗುತ್ತದೆ. ಕೊನೆಗೆ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಕೇಳಲು ಇಷ್ಟಪಡದ ಪ್ರಶ್ನೆ ಎದುರಾಗುತ್ತದೆ: ಇಂಜೆಕ್ಷನ್ ಕೊಡಿಸಿ ಕಳುಹಿಸಿಬಿಡೋದಾ, ತಾನಾಗಿ ಹೋಗಲಿ ಅಂತ ಬಿಡೋದಾ?

ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇಲ್ಲ. ಆದರೆ ಗಾಬರಿಯಲ್ಲಿ, ನಡುರಾತ್ರಿ, ಜೋರು ಮಳೆಯಲ್ಲಿ ತೀರ್ಮಾನ ಮಾಡುವ ಬದಲು ಸ್ವಲ್ಪ ಮೊದಲೇ ಲೆಕ್ಕ ಹಾಕಿಕೊಳ್ಳಲು ದಾರಿಗಳಿವೆ.

ಬೆಕ್ಕು ನೋವನ್ನು ಬಚ್ಚಿಡುತ್ತದೆ

ನಾಯಿಗೆ ನೋವಾದರೆ ಕುಂಯ್‌ಗುಡುತ್ತದೆ, ಹತ್ತಿರ ಬರುತ್ತದೆ. ಬೆಕ್ಕು ಹಾಗಲ್ಲ. ಅದು ಬೇಟೆಯಾಡುವ ಪ್ರಾಣಿ ಹೌದು, ದೊಡ್ಡ ಪ್ರಾಣಿಗಳಿಗೆ ಬೇಟೆಯೂ ಹೌದು. ಹಾಗಾಗಿ ದುರ್ಬಲವಾದಾಗ ಸದ್ದಿಲ್ಲದೆ ಮೂಲೆ ಸೇರುತ್ತದೆ. ‘ಸಾಯುವ ಬೆಕ್ಕು ಮನೆ ಬಿಟ್ಟು ಹೋಗುತ್ತದೆ’ ಎಂದು ಹಿರಿಯರು ಹೇಳುವುದರ ಹಿಂದಿನ ಕಾರಣ ಇದೇ. ಅದು ಯಾತ್ರೆ ಹೊರಟಿರುವುದಿಲ್ಲ. ಸೌದೆ ರಾಶಿಯ ಹಿಂದೆಯೋ ಗೋದಾಮಿನ ಮೂಟೆಗಳ ಸಂದಿಯಲ್ಲೋ ನೀರೂ ಇಲ್ಲದೆ ದಿನಗಟ್ಟಲೆ ಮಲಗಿರುತ್ತದೆ.

ನೋವನ್ನು ಮುಖದಲ್ಲಿ ಗುರುತಿಸಬಹುದು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಪ್ರಕಟಿಸಿದ ಅಳತೆಯೊಂದರಲ್ಲಿ ಐದು ಅಂಶಗಳಿವೆ. ಕಿವಿ ಹೊರಕ್ಕೆ ತಿರುಗಿ ಚಪ್ಪಟೆಯಾಗಿದೆಯಾ? ಕಣ್ಣು ಅರೆ ಮುಚ್ಚಿದೆಯಾ? ಮೂತಿ ಬಿಗಿದಿದೆಯಾ? ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯಾ? ತಲೆ ಭುಜಕ್ಕಿಂತ ಕೆಳಗೆ ಇಳಿದಿದೆಯಾ? ಪ್ರತಿಯೊಂದಕ್ಕೂ 0ರಿಂದ 2 ಅಂಕ. 10ರಲ್ಲಿ 4 ಅಥವಾ ಹೆಚ್ಚು ಬಂದರೆ ನೋವಿಗೆ ಔಷಧಿ ಬೇಕು ಎಂದರ್ಥ. ಬೆಕ್ಕು ಎಚ್ಚರವಾಗಿದ್ದಾಗ ಮಾತ್ರ ಇದನ್ನು ನೋಡಬೇಕು.

ಮೊದಲು ಪರೀಕ್ಷೆ, ಆಮೇಲೆ ತೀರ್ಮಾನ

ಹದಿನೈದು ವರ್ಷದ ಬೆಕ್ಕು ಎಂದರೆ ಮನುಷ್ಯರ ಲೆಕ್ಕದಲ್ಲಿ ಸುಮಾರು 75 ದಾಟಿದವರಂತೆ. ಆದರೆ ಮುದಿತನವೇ ಒಂದು ಕಾಯಿಲೆಯಲ್ಲ. ಊಟ ಬಿಟ್ಟ ಬೆಕ್ಕಿಗೆ ಹಲ್ಲು ನೋವಿರಬಹುದು. ಹಲ್ಲು ಕಿತ್ತರೆ ಮತ್ತೆ ತಿನ್ನಲು ಶುರು ಮಾಡುವ ಬೆಕ್ಕುಗಳಿವೆ. ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರಬಹುದು. ಇವಕ್ಕೆ ಚಿಕಿತ್ಸೆ ಇದೆ.

ಮುದಿ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಕಿಡ್ನಿ ಸಮಸ್ಯೆ. ಹೆಚ್ಚು ನೀರು ಕುಡಿಯುವುದು, ಹೆಚ್ಚು ಮೂತ್ರ ಮಾಡುವುದು, ವಾಂತಿ, ತೂಕ ಇಳಿಯುವುದು ಇದರ ಲಕ್ಷಣ. ತೊಂದರೆ ಏನೆಂದರೆ, ಕಿಡ್ನಿಯ ಮೂರರಲ್ಲಿ ಎರಡು ಭಾಗ ಕೆಲಸ ನಿಲ್ಲಿಸುವವರೆಗೂ ಲಕ್ಷಣ ಸರಿಯಾಗಿ ಕಾಣಿಸುವುದಿಲ್ಲ. ಹಾಳಾದ ಕಿಡ್ನಿ ಮತ್ತೆ ಸರಿಹೋಗದು. ಆದರೂ ಬೇಗ ಗೊತ್ತಾದರೆ ಆಹಾರ, ಔಷಧಿ, ಚರ್ಮದ ಕೆಳಗೆ ಕೊಡುವ ಡ್ರಿಪ್‌ನಿಂದ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚೆನ್ನಾಗಿರಬಹುದು.

ಕೆಲವು ಲಕ್ಷಣ ಕಂಡರೆ ಕಾಯಲೇಬಾರದು. ಬಾಯಿ ತೆರೆದು ಉಸಿರಾಡುವುದು, ಹಿಂಗಾಲು ದಿಢೀರ್ ಸೋತು ತಣ್ಣಗಾಗಿ ಬೆಕ್ಕು ಕಿರುಚುವುದು, ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತರೂ ಮೂತ್ರ ಬಾರದಿರುವುದು ಇವೆಲ್ಲ ತುರ್ತು ಸ್ಥಿತಿ. ಅದೇ ದಿನ ವೈದ್ಯರಿಗೆ ತೋರಿಸಬೇಕು.

ತಕ್ಕಡಿ ಮತ್ತು ಕ್ಯಾಲೆಂಡರ್

ಕಾಯಿಲೆ ವಾಸಿಯಾಗದು ಎಂದು ವೈದ್ಯರು ಹೇಳಿದ ಮೇಲೆ ಮನೆಯವರ ಕೆಲಸ ಶುರು. ದಿನಾ ನೋಡುವ ಕಣ್ಣಿಗೆ ಇಳಿಕೆ ಗೊತ್ತಾಗುವುದಿಲ್ಲ. ಹಾಗಾಗಿ ಬರೆದಿಡಬೇಕು.

ಅಂಗಡಿಯವರಿಗೆ ಇದು ಸುಲಭ. ಬೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕೂರಿಸಿ ವಾರಕ್ಕೊಮ್ಮೆ ತೂಗಿ, ಪೆಟ್ಟಿಗೆಯ ತೂಕ ಕಳೆದರೆ ಆಯಿತು. ನಾಲ್ಕು ಕಿಲೋ ಬೆಕ್ಕು ಅರ್ಧ ಕಿಲೋ ಇಳಿದರೆ ಸಣ್ಣ ವಿಷಯವಲ್ಲ. 60 ಕಿಲೋ ಮನುಷ್ಯ ಏಳೂವರೆ ಕಿಲೋ ಕಳೆದುಕೊಂಡ ಹಾಗೆ.

ಇನ್ನೊಂದು, ಗೋಡೆಯ ಕ್ಯಾಲೆಂಡರ್. ಒಳ್ಳೆಯ ದಿನಕ್ಕೆ ಒಂದು ಗುರುತು, ಕೆಟ್ಟ ದಿನಕ್ಕೆ ಇನ್ನೊಂದು. ತಿಂದು, ಮೈ ನೆಕ್ಕಿಕೊಂಡು, ಬಿಸಿಲಲ್ಲಿ ಕುಳಿತು, ಕರೆದಾಗ ತಿರುಗಿ ನೋಡಿದರೆ ಅದು ಒಳ್ಳೆಯ ದಿನ. ವಾಂತಿ ಮಾಡಿ, ಮೂಲೆ ಬಿಟ್ಟು ಏಳದೆ, ಮಲಗಿದಲ್ಲೇ ಗಲೀಜು ಮಾಡಿಕೊಂಡರೆ ಕೆಟ್ಟ ದಿನ. ಎರಡು ವಾರದಲ್ಲಿ ಕೆಟ್ಟ ದಿನಗಳೇ ಹೆಚ್ಚಾದರೆ ವೈದ್ಯರ ಬಳಿ ದಯಾಮರಣದ ಮಾತು ಎತ್ತುವ ಸಮಯ ಬಂದಿದೆ ಎಂದು ತಿಳಿಯಬಹುದು.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲಾಲೊಬೋಸ್ ರೂಪಿಸಿದ ಪಟ್ಟಿಯೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ. ನೋವು, ಹಸಿವು, ಮೈಯಲ್ಲಿ ನೀರಿನಂಶ, ಶುಚಿ, ಖುಷಿ, ಓಡಾಟ, ಒಳ್ಳೆಯ ದಿನಗಳ ಲೆಕ್ಕ ಹೀಗೆ ಏಳು ವಿಷಯಕ್ಕೆ ತಲಾ 10 ಅಂಕ. ಒಟ್ಟು 35ಕ್ಕಿಂತ ಹೆಚ್ಚಿದ್ದರೆ ಆರೈಕೆ ಮುಂದುವರಿಸಬಹುದು. ಮನೆಯ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ ಹೋಲಿಸಿದರೆ ಒಳ್ಳೆಯದು. ಒಬ್ಬರ ಆಸೆ ಇನ್ನೊಬ್ಬರ ಕಣ್ಣಿಗೆ ಬೇಗ ಕಾಣುತ್ತದೆ.

ಕೊಡಗಿನಲ್ಲಿ ಮಳೆಗಾಲವೂ ಲೆಕ್ಕಕ್ಕೆ ಬರಬೇಕು

ಬೆಂಗಳೂರಿನಲ್ಲಿ ಇರುವವರು ರಾತ್ರಿಯೂ ತೆರೆದಿರುವ ಸಾಕುಪ್ರಾಣಿ ಆಸ್ಪತ್ರೆ ಹುಡುಕಿಕೊಳ್ಳಬಹುದು. ಇಲ್ಲಿ ಹಾಗಲ್ಲ. ದೊಡ್ಡ ಚಿಕಿತ್ಸೆಗೆ ಮೈಸೂರೇ ಗತಿ. ಮಡಿಕೇರಿಯಿಂದ ಸುಮಾರು 120 ಕಿ.ಮೀ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ, ಮರ ಬಿದ್ದು ರಸ್ತೆ ಮುಚ್ಚುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಊರುಗಳೇ ಸಂಪರ್ಕ ಕಳೆದುಕೊಂಡದ್ದನ್ನು ಜಿಲ್ಲೆಯವರು ಯಾರೂ ಮರೆತಿಲ್ಲ. ಅಂಥ ರಾತ್ರಿ ಭಾಗಮಂಡಲದ ಕಡೆಯ ಮನೆಯಲ್ಲಿ ಬೆಕ್ಕು ನರಳತೊಡಗಿದರೆ ಮನೆಯವರು ನೋಡುತ್ತಾ ಕೂರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ.

ಹಾಗಾಗಿ ಮೊದಲೇ ಕೇಳಿಟ್ಟುಕೊಳ್ಳಬೇಕು. ಹತ್ತಿರದ ಪಶು ಆಸ್ಪತ್ರೆಯಲ್ಲಿ ಬೆಕ್ಕಿಗೆ ದಯಾಮರಣದ ಇಂಜೆಕ್ಷನ್ ಕೊಡುತ್ತಾರಾ? ಔಷಧಿ ಅಲ್ಲೇ ಇರುತ್ತದಾ, ತರಿಸಬೇಕಾ? ವೈದ್ಯರು ಮನೆಗೆ ಬರುತ್ತಾರಾ? 1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನ ಮುಖ್ಯವಾಗಿ ಜಾನುವಾರುಗಳಿಗಾಗಿ ಇರುವುದು. ಅದನ್ನೇ ನಂಬಿ ಕೂರುವ ಬದಲು ವೈದ್ಯರ ಹತ್ತಿರ ನೇರವಾಗಿ ಮಾತಾಡಿಕೊಳ್ಳುವುದು ಲೇಸು. ವಾಸಿಯಾಗದ ಕಾಯಿಲೆ ಇದ್ದು, ದಿನೇದಿನೇ ಇಳಿಯುತ್ತಿದ್ದರೆ, ಎರಡು ದಿನ ತಡವಾಗುವುದಕ್ಕಿಂತ ಎರಡು ದಿನ ಬೇಗ ಆಗುವುದೇ ಬೆಕ್ಕಿಗೆ ಹಗುರ.

ಇಂಜೆಕ್ಷನ್ ಹೇಗೆ?

ನೋಂದಾಯಿತ ಪಶುವೈದ್ಯರೇ ಇದನ್ನು ಮಾಡಬೇಕು. ಸಾಮಾನ್ಯವಾಗಿ ಮೊದಲು ಮಂಪರು ಬರುವ ಇಂಜೆಕ್ಷನ್ ಕೊಡುತ್ತಾರೆ. ಬೆಕ್ಕು ಕೆಲವೇ ನಿಮಿಷದಲ್ಲಿ ನಿದ್ದೆಗೆ ಜಾರುತ್ತದೆ. ಆಮೇಲೆ ಅರಿವಳಿಕೆ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ. ಪ್ರಜ್ಞೆ ಪೂರ್ತಿ ಹೋದ ಮೇಲೆ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರಬಹುದು, ಕಾಲು ಒಮ್ಮೆ ಅದುರಬಹುದು, ಮೂತ್ರ ಹೋಗಬಹುದು. ಇದು ನೋವಿನ ಲಕ್ಷಣ ಅಲ್ಲ. ಗೊತ್ತಿಲ್ಲದವರು ಇದನ್ನು ನೋಡಿ ವರ್ಷಗಟ್ಟಲೆ ಕೊರಗುತ್ತಾರೆ, ಆದ್ದರಿಂದ ಮೊದಲೇ ತಿಳಿದಿರಬೇಕು. ಪಕ್ಕದಲ್ಲಿ ನಿಲ್ಲುವುದು ಬಿಡುವುದು ಮನೆಯವರ ಇಷ್ಟ.

ಇವನ್ನು ಮಾಡಲೇಬಾರದು

ಮನುಷ್ಯರ ನೋವಿನ ಮಾತ್ರೆ ಕೊಡಬಾರದು. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಅದನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಒಂದೇ ಮಾತ್ರೆಗೆ ರಕ್ತ ಕೆಟ್ಟು, ಉಸಿರು ಸಿಕ್ಕದೆ ಸಾಯಬಹುದು. ಮೆಡಿಕಲ್ ಅಂಗಡಿಯವರೂ ಇದನ್ನು ಗಿರಾಕಿಗಳಿಗೆ ಹೇಳಿದರೆ ಉಪಕಾರ.

ತೋಟದ ಕೀಟನಾಶಕ, ಇಲಿ ಪಾಷಾಣ ಹಾಕುವುದು ದಯಾಮರಣವಲ್ಲ, ಚಿತ್ರಹಿಂಸೆ. ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದಲ್ಲೋ ಕಾಡಂಚಿನಲ್ಲೋ ಬಿಟ್ಟು ಬರುವುದೂ ಅಷ್ಟೇ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಅದೇ ಕಾಯ್ದೆಯ 13ನೇ ಕಲಂ ಬದುಕಿಸಿ ಇಡುವುದೇ ಕ್ರೌರ್ಯವಾಗುವ ಸ್ಥಿತಿಯೂ ಇದೆ ಎಂಬುದನ್ನು ಒಪ್ಪುತ್ತದೆ.

ನೋವಿನಲ್ಲಿರುವ ಬೆಕ್ಕು ಸಾಕಿದವರನ್ನೂ ಕಚ್ಚಬಹುದು. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಬೇಕು.

ಹೂಳುವಾಗ

ಔಷಧಿಯ ಅಂಶ ದೇಹದಲ್ಲಿ ಉಳಿದಿರುತ್ತದೆ. ನಾಯಿ, ನರಿ, ಹಂದಿ ಅಗೆದು ತಿಂದರೆ ಅವಕ್ಕೂ ಅಪಾಯ. ಮೂರ್ನಾಲ್ಕು ಅಡಿ ಆಳ ತೋಡಿ, ಬಟ್ಟೆಯಲ್ಲಿ ಸುತ್ತಿ ಹೂತು, ಮೇಲೆ ಕಲ್ಲು ಹೇರಬೇಕು. ಬಾವಿ, ಕೆರೆ, ತೋಡಿನಿಂದ ದೂರ ಇರಲಿ. ಕಾವೇರಿಗೆ ಎಸೆಯುವುದು ಬೇಡವೇ ಬೇಡ. ಪೇಟೆಯ ಬಾಡಿಗೆ ಮನೆ, ಮಳಿಗೆಯಲ್ಲಿದ್ದು ಜಾಗ ಇಲ್ಲದವರು ಸ್ಥಳೀಯ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಅಂಗಡಿ ಬೆಕ್ಕು ಯಾರದು?

ಪೇಟೆಯಲ್ಲಿ ಇನ್ನೊಂದು ಕಷ್ಟ ಇದೆ. ದಿನಸಿ ಅಂಗಡಿಯ ಬೆಕ್ಕಿಗೆ ಪಕ್ಕದ ಹೋಟೆಲಿನವರು ಮೀನು ಹಾಕುತ್ತಾರೆ, ಎದುರಿನ ಟೈಲರ್ ಹಾಲು ಹಾಕುತ್ತಾರೆ. ಇಲಿ ಹಿಡಿಯುವಷ್ಟು ದಿನ ಅದು ಎಲ್ಲರ ಬೆಕ್ಕು, ಕಾಯಿಲೆ ಬಿದ್ದ ದಿನ ಯಾರದ್ದೂ ಅಲ್ಲ. ಖರ್ಚು ಹಂಚಿಕೊಳ್ಳಲಿ, ಆದರೆ ವೈದ್ಯರ ಹತ್ತಿರ ಮಾತಾಡಿ ಸಹಿ ಹಾಕಲು ಒಬ್ಬರು ಮುಂದೆ ಬರಬೇಕು.

‘ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ದಾನ ಕೊಟ್ಟರೂ ಸಾಲದು’ ಎನ್ನುವ ಮಾತು ಹಲವರನ್ನು ತಡೆಯುತ್ತದೆ. ಮನಸ್ಸು ಒಪ್ಪದವರು ಇಂಜೆಕ್ಷನ್ ಕೊಡಿಸಲೇಬೇಕು ಅಂತೇನಿಲ್ಲ. ವೈದ್ಯರ ಸಲಹೆಯಂತೆ ನೋವು ಕಡಿಮೆ ಮಾಡಿ, ಬೆಚ್ಚಗಿಟ್ಟು, ಶುಚಿಯಾಗಿಟ್ಟು ಕೊನೆಯವರೆಗೂ ನೋಡಿಕೊಳ್ಳಬಹುದು. ಆದರೆ ಔಷಧಿಯೂ ಇಲ್ಲದೆ, ಇಂಜೆಕ್ಷನ್ನೂ ಇಲ್ಲದೆ ಮೂಲೆಯಲ್ಲಿ ಬಿಡುವುದನ್ನು ಪುಣ್ಯ ಎನ್ನಲಾಗದು. ಇಂದು ಮನೆಯ ಮುದಿ ಬೆಕ್ಕು ಬಿಸಿಲಲ್ಲಿ ಚೆನ್ನಾಗಿ ಕುಳಿತಿದ್ದರೆ, ತೂಕ ನೋಡಿ ಬರೆದಿಡಲು ಇದೇ ಒಳ್ಳೆಯ ದಿನ.