ಮಳೆ ತೊಳೆದ ವಿಷ ಎಲ್ಲಿಗೆ ಹೋಯಿತು?

"ಫ್ಯಾಕ್ಟರಿ ಮುಚ್ಚಿ ಹದಿನೈದು ವರ್ಷ ಆಯ್ತಲ್ಲ ಸಾರ್, ಇಷ್ಟು ಮಳೆ ಬಿದ್ದ ಮೇಲೆ ಇನ್ನೇನು ಉಳಿದಿರುತ್ತೆ?" ಬೆಂಗಳೂರಿನ ಪೀಣ್ಯದಂಥ ಕಡೆ ಹಳೆಯ ಪ್ಲೇಟಿಂಗ್ ಶೆಡ್ಡಿನ ಜಾಗ ಮಾರುವವರು, ಕೊಳ್ಳುವವರು, ನಡುವಿನ ಬ್ರೋಕರ್ ಎಲ್ಲರ ಬಾಯಲ್ಲೂ ಇದೇ ಮಾತು. ಮಣ್ಣು, ನೀರು ಪರೀಕ್ಷಿಸುವ ಕೆಲಸದಲ್ಲಿರುವ ನನಗೆ ಇದಕ್ಕಿಂತ ಸಿಟ್ಟು ತರಿಸುವ ಮಾತು ಇನ್ನೊಂದಿಲ್ಲ. ಮಳೆ ತೊಳೆಯುತ್ತದೆ, ನಿಜ. ತೊಳೆದು ಎಲ್ಲಿಗೆ ಒಯ್ಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೆಳಕ್ಕೆ ಒಯ್ಯುತ್ತದೆ. ಕೆಳಗಿರುವುದು ನಾವು ಕುಡಿಯುವ ಬೋರ್‌ವೆಲ್ ನೀರು.

ಇಂಥ ಶೆಡ್ಡುಗಳಲ್ಲಿ ನಲ್ಲಿಗೆ, ಬೈಕಿನ ಹ್ಯಾಂಡಲ್ಲಿಗೆ ಹೊಳಪು ಕೊಡುವ ಕ್ರೋಮ್ ತೊಟ್ಟಿಯಲ್ಲಿ ಬಳಸುತ್ತ ಬಂದದ್ದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದೇ ಲೋಹದ ಟ್ರೈವೇಲೆಂಟ್ ರೂಪ ಸಾಮಾನ್ಯವಾಗಿ ಮಣ್ಣಿಗೆ ಅಂಟಿಕೊಂಡು ಇದ್ದಲ್ಲೇ ಇರುತ್ತದೆ. ಹೆಕ್ಸಾವೇಲೆಂಟ್ ನೀರಿನಲ್ಲಿ ಕರಗಿ, ನೀರು ಹೋದಲ್ಲೆಲ್ಲ ಹೋಗುತ್ತದೆ. ಅದು ಕ್ಯಾನ್ಸರ್ ತರುವ ವಸ್ತು ಕೂಡ. ಬಿರುಕು ಬಿಟ್ಟ ನೆಲದಿಂದ ಇಳಿದದ್ದು ಮೊದಲು ಕೆಮ್ಮಣ್ಣು, ಆಮೇಲೆ ಕೊಳೆತ ಕಲ್ಲು, ಅದರ ಕೆಳಗೆ ಗಟ್ಟಿಬಂಡೆಯ ಬಿರುಕುಗಳನ್ನು ಸೇರುತ್ತದೆ. ಆ ಬಿರುಕು ಓಡಿದ ಕಡೆಗೇ ವಿಷವೂ ಓಡುತ್ತದೆ. ಶೆಡ್ಡಿನ ಪಕ್ಕದ ಬೋರ್‌ವೆಲ್ ಚೆನ್ನಾಗಿದ್ದು, ಎರಡು ರಸ್ತೆ ಆಚೆಯದು ಕೆಟ್ಟಿರಬಹುದು. ಪಂಪ್ ಮಾಡಿ ತೆಗೆದರೆ ಕ್ರೋಮಿಯಂ ಸ್ವಲ್ಪ ಕಾಲ ಇಳಿಯುತ್ತದೆ. ಪಂಪ್ ನಿಲ್ಲಿಸಿದರೆ, ಜೇಡಿಯಲ್ಲೂ ಕಲ್ಲಿನ ಸಂದಿಗಳಲ್ಲೂ ಹೊಕ್ಕು ಕೂತಿದ್ದದ್ದು ನಿಧಾನವಾಗಿ ಹೊರಬಂದು ಮತ್ತೆ ಏರುತ್ತದೆ. ಒಂದೇ ಸಲದ ಸ್ಯಾಂಪಲ್ ಹಿಡಿದು "ಕ್ಲೀನ್" ಎಂದು ಬರೆದುಕೊಡಿ ಎನ್ನುವವರಿಗೆ ನಾನು ಒಪ್ಪದಿರುವುದು ಇದಕ್ಕೇ.

ಮಳೆಯ ಮೇಲೆ ಭರವಸೆ ಇಟ್ಟವರು ತಮಿಳುನಾಡಿನ ರಾಣಿಪೇಟೆಯನ್ನು ನೋಡಬೇಕು. ಅಲ್ಲಿ ಕ್ರೋಮಿಯಂ ಲವಣ ತಯಾರಿಸುತ್ತಿದ್ದ ಕಾರ್ಖಾನೆ 1990ರ ದಶಕದ ನಡುವಿನಲ್ಲಿ ಮುಚ್ಚಿತು. ಹಿಂದೆ ಬಿಟ್ಟುಹೋದದ್ದು ಎರಡು ಲಕ್ಷ ಟನ್ನಿಗೂ ಹೆಚ್ಚು ತ್ಯಾಜ್ಯದ ಗುಡ್ಡ. ಮಳೆ ಬಂದಾಗಲೆಲ್ಲ ಅದರಿಂದ ಹಳದಿ ನೀರು ಜಿನುಗಿತು. ಅಲ್ಲಿ ಮಳೆ ಮಾಡಿದ್ದು ವಿಷ ಹಂಚುವ ಕೆಲಸ. ಅಮೆರಿಕದ ಹಿಂಕ್ಲಿ ಎಂಬ ಊರಲ್ಲಿ ಒಂದು ಕಂಪನಿ ಕೂಲಿಂಗ್ ಟವರಿನ ಕ್ರೋಮಿಯಂ ನೀರನ್ನು ಹೊಂಡಗಳಿಗೆ ಬಿಟ್ಟದ್ದು 1952ರಿಂದ 1966ರವರೆಗೆ. 1996ರಲ್ಲಿ ಆ ಕಂಪನಿ ಊರವರಿಗೆ 33.3 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಬಿಡುವುದನ್ನು ನಿಲ್ಲಿಸಿ ಅರ್ಧ ಶತಮಾನ ಕಳೆದ ಮೇಲೂ ಅಂತರ್ಜಲ ಶುದ್ಧಿಯ ಕೆಲಸ ಮುಗಿದಿರಲಿಲ್ಲ.

"ನೀರು ಕನ್ನಡಿ ಹಾಗಿದೆಯಲ್ಲ" ಎನ್ನುತ್ತಾರೆ. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ಭಾರತೀಯ ಮಾನಕ. ಹಳದಿ ಬಣ್ಣ ಕಣ್ಣಿಗೆ ಕಾಣುವ ಹೊತ್ತಿಗೆ ಪ್ರಮಾಣ ಅದರ ಹತ್ತಾರು ಪಟ್ಟು ದಾಟಿರುತ್ತದೆ. ಮಿತಿ ಮೀರಿಯೂ ತಿಳಿಯಾಗಿಯೇ ಕಾಣುವ ನೀರಿಗೆ ಆಸಿಡ್ ಬೆರೆಸಿ, ಡೈಫಿನೈಲ್‌ಕಾರ್ಬಜೈಡ್ ಹಾಕಿ ಕೆಲವು ನಿಮಿಷ ಬಿಟ್ಟರೆ ಟ್ಯೂಬಿನೊಳಗೆ ನಸುಗೆಂಪು ನೇರಳೆ ಬಣ್ಣ ಏರುತ್ತದೆ. ಎದುರಿಗೆ ನಿಂತು ಅದನ್ನು ನೋಡಿದ ಮನೆಯವರು ಆಮೇಲೆ ವಾದ ಮಾಡುವುದಿಲ್ಲ.

ಮನೆಮನೆಗೆ ಟಿಡಿಎಸ್ ಮೀಟರ್ ಹಿಡಿದು ಬರುವವರನ್ನೂ ನಂಬಬೇಡಿ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ವಸ್ತು) ಮಿತಿ ಲೀಟರಿಗೆ 500 ಮಿಲಿಗ್ರಾಂ. ಕ್ರೋಮಿಯಂ ಮಿತಿ ಅದರ ಹತ್ತು ಸಾವಿರದಲ್ಲಿ ಒಂದು ಪಾಲು, ಆ ಮೀಟರಿಗೆ ಅದು ಕಾಣುವುದೇ ಇಲ್ಲ. ಕುದಿಸಿದರೆ ನೀರು ಆವಿಯಾಗುತ್ತದೆ, ಲೋಹ ಪಾತ್ರೆಯಲ್ಲೇ ಉಳಿಯುತ್ತದೆ. ಆರ್‌ಓ ಬಹುಪಾಲು ತಡೆಯುತ್ತದೆ, ಆದರೆ ತಡೆದದ್ದು ವೇಸ್ಟ್ ನೀರಿನ ಪೈಪಿನಿಂದ ನಿಮ್ಮ ಗಿಡದ ಬುಡಕ್ಕೇ ಹೋಗುತ್ತದೆ. ಬ್ಯಾಕ್ಟೀರಿಯಾ ದ್ರಾವಣ ಸುರಿದರೆ ಲೋಹವನ್ನು "ತಿಂದುಬಿಡುತ್ತವೆ" ಎಂಬುದಂತೂ ಶುದ್ಧ ಸುಳ್ಳು. ಲೋಹ ಮಾಯವಾಗುವುದಿಲ್ಲ. ಕಾಕಂಬಿಯಂಥದ್ದನ್ನು ನೆಲದೊಳಗೆ ಇಳಿಸಿ, ಆಮ್ಲಜನಕ ಇಲ್ಲದಂತೆ ಮಾಡಿ, ಹೆಕ್ಸಾವೇಲೆಂಟನ್ನು ಟ್ರೈವೇಲೆಂಟಿಗೆ ಇಳಿಸಬಹುದು. ಆದರೆ ಎಲ್ಲಿ, ಎಷ್ಟು ಆಳಕ್ಕೆ, ಎಷ್ಟು ಎಂದು ಮೊದಲು ನೆಲವನ್ನು ಅಳೆದು ತಿಳಿಯಬೇಕು.

ಬೇರೆ ವಿಷಗಳ ಕಥೆಯೂ ಇದೇ. ಭೋಪಾಲ ಅನಿಲ ದುರಂತದ ಕಾರ್ಖಾನೆಯ 337 ಟನ್ ತ್ಯಾಜ್ಯವನ್ನು 2025ರಲ್ಲಿ ಪೀಥಂಪುರಕ್ಕೆ ಸಾಗಿಸಿ ಸುಟ್ಟಾಗ "ಅಂತೂ ಕೊಳೆ ಕಳೆಯಿತು" ಎಂದು ನಿಟ್ಟುಸಿರು ಬಿಟ್ಟವರು ಬಹಳ. ಸುಟ್ಟದ್ದು ಗೋದಾಮಿನಲ್ಲಿ ಕೂಡಿಟ್ಟಿದ್ದನ್ನು. ಕಾರ್ಖಾನೆಯ ಮಣ್ಣು, ಸುತ್ತಲ ಬಸ್ತಿಗಳ ಅಡಿಯ ನೀರು ಆ ಲೆಕ್ಕದಲ್ಲಿ ಇರಲಿಲ್ಲ.

ಸೈಟು ಕೊಳ್ಳುವಾಗ ನಾವು ಇ.ಸಿ. ತೆಗೆಸುತ್ತೇವೆ, ಖಾತೆ ನೋಡುತ್ತೇವೆ, ವಾಸ್ತುವಿನವರನ್ನು ಕರೆಸುತ್ತೇವೆ, ತೆಂಗಿನಕಾಯಿ ಹಿಡಿದು ನೀರು ತೋರಿಸುವವರಿಗೆ ದುಡ್ಡು ಕೊಡುತ್ತೇವೆ. ಆ ಶೆಡ್ಡಿನಲ್ಲಿ ಮೊದಲು ಏನು ಮಾಡುತ್ತಿದ್ದರು ಎಂಬ ಒಂದು ಪ್ರಶ್ನೆ ಮಾತ್ರ ಕೇಳುವುದಿಲ್ಲ. ಓದಿದವರೂ ಕೇಳುವುದಿಲ್ಲ, ನನಗೆ ನೋವಾಗುವುದು ಅದಕ್ಕೆ. 2025ರ ಜುಲೈನಲ್ಲಿ ಕೇಂದ್ರ ಪರಿಸರ ಸಚಿವಾಲಯ ಕಲುಷಿತ ತಾಣಗಳಿಗೆಂದೇ ನಿಯಮ ತಂದಿದೆ, ಕೆಡಿಸಿದವರೇ ಶುದ್ಧಿಯ ಖರ್ಚು ಹೊರಬೇಕು ಎನ್ನುತ್ತದೆ ಅದು. ಕೆಡಿಸಿದ್ದು ಯಾರೆಂದು ತೋರಿಸಲು ದಾಖಲೆ ಬೇಕು. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಹಳೆಯ ಲೈಸೆನ್ಸ್, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಕೇಳಿ ಪಡೆಯಿರಿ. ಮಣ್ಣನ್ನು ಬೇರೆ ಬೇರೆ ಆಳದಲ್ಲಿ, ಬೋರ್‌ವೆಲ್ ನೀರನ್ನು ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷಿಸಿ. ವರದಿಯಲ್ಲಿ ಒಟ್ಟು ಕ್ರೋಮಿಯಂ, ಹೆಕ್ಸಾವೇಲೆಂಟ್ ಕ್ರೋಮಿಯಂ ಎರಡನ್ನೂ ಬೇರೆ ಬೇರೆ ನಮೂದಿಸಿರಬೇಕು.