ಅಣ್ಣಾವ್ರ ಪಾರ್ಟಿಯೋ, ವಿಷ್ಣು ಪಾರ್ಟಿಯೋ? ನಾನು ಪಿಕ್ಚರ್ ಪಾರ್ಟಿ!

ಸಿನಿಮಾ ಹುಚ್ಚಿನವರ ಗುಂಪಿಗೆ ಹೊಸಬನೊಬ್ಬ ಬಂದರೆ ಅವನ ಹೆಸರು, ಊರು ಯಾರಿಗೂ ಬೇಡ. "ಗುರೂ, ನೀನು ಯಾರ ಪಾರ್ಟಿ?" ಅನ್ನೋದೇ ಮೊದಲ ಪ್ರಶ್ನೆ! 1973ರ 'ಗಂಧದ ಗುಡಿ'ಯ ಕಾಲದ ಈ ರಗಳೆ, ರಾಜ್ 2006ರಲ್ಲಿ, ವಿಷ್ಣು 2009ರಲ್ಲಿ ನಮ್ಮನ್ನು ಅಗಲಿದ ಮೇಲೂ ಮುಗಿದಿಲ್ಲ ನೋಡಿ. ಇದರಿಂದ ನಷ್ಟ ಯಾರಿಗೆ ಸ್ವಾಮಿ? ನಮಗೇ. ಆ ಪಾರ್ಟಿಯದು ಅಂತ ಒಂದು ಚಿತ್ರ ಬಿಟ್ಟೆವು, ಪ್ರಶಸ್ತಿ ಪಿಕ್ಚರು ಅಂತ ಇನ್ನೊಂದು ಬಿಟ್ಟೆವು.

ನನ್ನ ತಕ್ಕಡಿಯೇ ಬೇರೆ. ಪ್ರತಿಯೊಂದು ಪಿಕ್ಚರ್ರೂ ಟಿಕೆಟ್ ಹರಿಯುವ ಮುಂಚೆ ನಮಗೊಂದು ಮಾತು ಕೊಡುತ್ತದೆ. ಹೆದರಿಸ್ತೀನಿ ಅನ್ನುತ್ತದೆ, ಅಳಿಸ್ತೀನಿ ಅನ್ನುತ್ತದೆ, ಹೊಟ್ಟೆ ಹುಣ್ಣಾಗುವಂತೆ ನಗಿಸ್ತೀನಿ ಅನ್ನುತ್ತದೆ. ಆ ಮಾತು ಉಳಿಸಿಕೊಂಡಿತೋ ಇಲ್ಲವೋ? ನಾನು ಕೇಳುವುದು ಅಷ್ಟೇ.

1968ರ 'ಜೇಡರ ಬಲೆ' ತಗೊಳ್ಳಿ. ಬಾಂಡ್ ಹುಚ್ಚು ಲೋಕಕ್ಕೆಲ್ಲ ಹಿಡಿದಿದ್ದ ಕಾಲ. ದೊರೈ-ಭಗವಾನ್ ಜೋಡಿ ನಮ್ಮ ರಾಜ್ ಕೈಗೆ ಪಿಸ್ತೂಲು ಕೊಟ್ಟು ಸಿ.ಐ.ಡಿ. 999 ಮಾಡಿಬಿಟ್ಟಿತು. ಇವತ್ತು ನೋಡಿದರೆ ಆ ಸೆಟ್ಟುಗಳು ರಟ್ಟಿನ ಡಬ್ಬದಂತೆ ಕಾಣುತ್ತವೆ, ನಿಜ. ಆದರೆ ರಾಜ್ ಮುಖದಲ್ಲಿ 'ಇದೆಲ್ಲ ತಮಾಷೆಗೆ ಕಣ್ರಪ್ಪಾ' ಅನ್ನುವ ಭಾವ ಎಲ್ಲಾದರೂ ಇದೆಯೇ? ಇಲ್ಲ! ಅವರು ನಂಬಿದರು, ನಾವೂ ನಂಬಿದೆವು.

ಅದೇ ಜೋಡಿ, ಅದೇ ನಾಯಕ, 1971ರಲ್ಲಿ 'ಕಸ್ತೂರಿ ನಿವಾಸ' ಕೊಟ್ಟರು. ಬೆಂಕಿಪೊಟ್ಟಣದ ಕಾರ್ಖಾನೆಯ ಧಣಿ ಕೊಟ್ಟೂ ಕೊಟ್ಟೂ ಬರಿಗೈಯಾಗುತ್ತಾನೆ. ಮನೆಗೆ ಬಂದವಳಿಗೆ ಬಡಿಸಲು ಏನೂ ಇಲ್ಲದೆ ತಾನು ಸಾಕಿದ ಪಾರಿವಾಳವನ್ನೇ ಕಳೆದುಕೊಳ್ಳುತ್ತಾನೆ. ಊಟವಾದ ಮೇಲೆ ಅವಳು ಕೇಳುವುದು ಅದೇ ಪಾರಿವಾಳವನ್ನು! ಪಿಸ್ತೂಲು ಹಿಡಿದ ಕೈ ಇದೇನಾ ಅನ್ನಿಸುತ್ತದೆ. 2014ರಲ್ಲಿ ಇದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಜನ ನೋಡಿದರು, ಸಂತೋಷ. ನನಗಂತೂ ಆ ಮನೆಯ ಬಡತನಕ್ಕೆ ಕಪ್ಪು-ಬಿಳುಪೇ ಸರಿ.

ಪೌರಾಣಿಕ ಅಂದರೆ ಮೂಗು ಮುರಿಯುವ ಹುಡುಗರಿಗೆ ನಾನು 1977ರ 'ಬಭ್ರುವಾಹನ' ತೋರಿಸುತ್ತೇನೆ. ಅಪ್ಪ ಅರ್ಜುನನೂ ರಾಜ್, ಮಗನೂ ರಾಜ್. ಬಾಣಕ್ಕಿಂತ ನಾಲಗೆ ಚೂಪು. ಇಬ್ಬರೂ ಹಾಡಿನಲ್ಲೇ ಬೈದಾಡುವಾಗ ಯಾವ ಫೈಟಿಂಗೂ ಬೇಡ ಅನ್ನಿಸುತ್ತದೆ.

ಈಗ ಹೆದರಿಸುವ ಚಿತ್ರಕ್ಕೆ ಬರೋಣ. 1979ರ 'ನಾ ನಿನ್ನ ಬಿಡಲಾರೆ'. ಹೆಣ್ಣು ದೆವ್ವ ಬರುವುದು ಅನಂತ್ ನಾಗ್ ಮೈಮೇಲೆ, ನಡುಗುವುದು ಹೆಂಡತಿ ಲಕ್ಷ್ಮಿ. ಸೌಮ್ಯ ಮುಖದ ಆ ಮನುಷ್ಯ ಒಮ್ಮೆಲೇ ಬೇರೆಯವರಾಗಿ ತಿರುಗಿ ನೋಡುತ್ತಾರಲ್ಲ, ಎದೆ ಝಲ್ ಅನ್ನುತ್ತೆ. ಕೊಟ್ಟ ಮಾತಿಗೆ ನೂರಕ್ಕೆ ನೂರು ಅಂಕ. ಆದರೆ ಅದಕ್ಕಿಂತ ಹೆಚ್ಚು ಹೆದರಿಸಿದ ಚಿತ್ರವೊಂದಿದೆ, ಅದರಲ್ಲಿ ದೆವ್ವವೇ ಇಲ್ಲ! ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'. ಸ್ವರ್ಣಕಮಲ ಬಂದ ಚಿತ್ರ ಅಂದಕೂಡಲೇ ನನ್ನ ಗೆಳೆಯನೊಬ್ಬ "ನಿದ್ದೆ ಬರುತ್ತೆ ಬಿಡೋ" ಅಂದ. ಎಳೆದುಕೊಂಡು ಹೋಗಿ ಕೂರಿಸಿದೆ. ಅಗ್ರಹಾರದ ವೇದಪಾಠಶಾಲೆ, ಸಣ್ಣ ಹುಡುಗ ನಾಣಿ, ಅವನನ್ನು ಅಕ್ಕರೆಯಿಂದ ನೋಡಿಕೊಳ್ಳುವ ವಿಧವೆ ಯಮುನಕ್ಕ. ಅವಳು ಬಸುರಿಯಾದ ಸುದ್ದಿ ಹಬ್ಬುತ್ತದೆ. ಕತ್ತಲು, ಪಿಸುಮಾತು, ಏನು ನಡೆಯುತ್ತಿದೆ ಅಂತ ಪೂರ್ತಿ ತಿಳಿಯದ ಹುಡುಗನ ಕಣ್ಣು... ಕೊನೆಗೆ ಬದುಕಿರುವವಳಿಗೇ ಶ್ರಾದ್ಧ! ತಲೆ ಬೋಳಿಸಿಕೊಂಡು ಅವಳು ಕೂತಿರುವುದನ್ನು ಕಂಡಾಗ ನಮ್ಮ ಗೆಳೆಯನಿಗೆ ನಿದ್ದೆ ಬರಲಿಲ್ಲ. ಆ ರಾತ್ರಿಯೂ ಬರಲಿಲ್ಲವಂತೆ.

'ಅಂತ' (1981) ಬಗ್ಗೆ ಮಾತ್ರ ನನ್ನದೊಂದು ತಕರಾರು. ಅಂಬರೀಶ್ ಅವರ ಕನ್ವರ್‌ಲಾಲ್ ಬೆಂಕಿ, ಎರಡು ಮಾತಿಲ್ಲ. ಉಗುರು ಕೀಳುವ ದೃಶ್ಯ ಮಾತ್ರ ಅತಿಯಾಯ್ತು. ರೋಷ ಬರಬೇಕಾದ ಕಡೆ ಹೊಟ್ಟೆ ತೊಳಸಿದರೆ ಏನು ಬಂತು?

ಸುನೀಲ್ ಕುಮಾರ್ ದೇಸಾಯಿಯವರ 'ತರ್ಕ' (1989) ನನ್ನ ಮೆಚ್ಚಿನದು. ಶಂಕರ್ ನಾಗ್ ಇದ್ದೂ ಒಂದೇ ಒಂದು ಹಾಡಿಲ್ಲ! ಹಾಡು ಬಂತೆಂದರೆ ಗಾಂಧಿಕ್ಲಾಸಿನ ಮಂದಿ ಬೀಡಿ ಸೇದಲು ಎದ್ದು ಹೋಗುವುದು ವಾಡಿಕೆ. ಇಲ್ಲಿ ಏಳುವುದಕ್ಕೇ ಬಿಡುವಿಲ್ಲ. 1993ರಲ್ಲಿ ಅವರೇ ವಿಷ್ಣುವನ್ನಿಟ್ಟುಕೊಂಡು ಬ್ಯಾಂಕ್ ದರೋಡೆಯ 'ನಿಷ್ಕರ್ಷ' ಮಾಡಿದರು. ಅಲ್ಲೂ ಹಾಡಿಲ್ಲ. ಅಷ್ಟು ದೊಡ್ಡ ಹೀರೋ ಮರ ಸುತ್ತದೆ ಕೆಲಸ ಮುಗಿಸಿದ್ದಕ್ಕೆ ಶಿಳ್ಳೆ ಹೊಡೆಯಬೇಕಿತ್ತು. "ಒಂದು ಡ್ಯುಯೆಟ್ಟಾದ್ರೂ ಇರಬಾರದಿತ್ತಾ" ಅಂದವರೇ ಇವತ್ತು "ಕನ್ನಡದಲ್ಲಿ ಥ್ರಿಲ್ಲರ್ ಎಲ್ಲಿದೆ" ಅಂತ ಕೇಳುತ್ತಾರೆ.

ನಗಿಸುವುದಕ್ಕೆ 'ಗಣೇಶನ ಮದುವೆ' (1990) ಸಾಕು. ವಠಾರದಲ್ಲಿ ದಿನಾ ಜಗಳ ಕಾಯುವ ಹುಡುಗಿಯೇ ತಾನು ಮೆಚ್ಚಿದವಳು ಅಂತ ಅನಂತ್ ನಾಗ್‌ಗೆ ಗೊತ್ತಿಲ್ಲ, ನಮಗೆ ಗೊತ್ತು. ನಗು ಕಥೆಯಿಂದಲೇ ಉಕ್ಕುತ್ತದೆ.

ಕೊಟ್ಟ ಮಾತಿಗಿಂತ ಹೆಚ್ಚು ಕೊಟ್ಟ ಚಿತ್ರವೂ ಒಂದಿದೆ. ಪುಟ್ಟಣ್ಣನವರ 'ನಾಗರಹಾವು' (1972). ಪಡ್ಡೆ ಹುಡುಗನ ಪ್ರೇಮ, ರೋಷ ಅಂತ ಒಳಗೆ ಹೋದರೆ ಅಲ್ಲಿರುವುದು ಚಾಮಯ್ಯ ಮೇಷ್ಟ್ರ ಕಥೆ. ಶಿಷ್ಯನ ಮೇಲೆ ಪ್ರಾಣವಿಟ್ಟ ಮೇಷ್ಟ್ರೇ ಅವನಿಂದ ಅಲಮೇಲುವನ್ನು ಬಿಡಿಸುತ್ತಾರೆ. ಒಳ್ಳೆಯದಕ್ಕೇ ಅಂದುಕೊಂಡು ಹೇಳಿದ ಆ ಒಂದು ಮಾತಿಗೆ ಅಲಮೇಲು ಬಾಳು ಏನಾಯಿತು, ದುರ್ಗದ ಬೆಟ್ಟದ ಮೇಲೆ ಗುರು-ಶಿಷ್ಯರ ಗತಿ ಏನಾಯಿತು, ನಿಮಗೆ ಗೊತ್ತೇ ಇದೆ. ರಾಮಾಚಾರಿಯ ಹೇರ್ ಸ್ಟೈಲು, ನಡಿಗೆ ಕಲಿತ ಹುಡುಗರು ಊರಿಗೆ ನೂರು ಜನ. ಮುಂದಿನ ಸಲ ನೋಡುವಾಗ ವಿಷ್ಣುವನ್ನು ಒಂದು ರೀಲು ಮರೆತುಬಿಡಿ. ಅವಳನ್ನು ಬಿಟ್ಟುಕೊಡು ಅಂತ ಕೇಳುವ ಹೊತ್ತಿಗೆ ಅಶ್ವತ್ಥ್ ಅವರ ಮುಖ ನೋಡಿ.